ಅಕ್ಕನ ಪೆಟ್ಟಿಗೆಯೊಳಗಿನ ಟೈಟಾನಿಯಂ

ನಮ್ಮಕ್ಕನಿಗೆ ಸಂಬಳ ಬರುವುದು ಸುಮ್ಮನೆ ನೋಡುತ್ತಾ ಕೂರುವುದಕ್ಕೆ. ನಂಬುವುದಿಲ್ಲವೇ? ಸೇಲಂನ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಾಳೆ. ಮೈಯೊಳಗಿನ ಪ್ರೋಟೀನು ಲೋಹದ ಮೇಲೆ ಹೇಗೆ ಹೋಗಿ ಕೂರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಸಿನಿಮಾದಂತೆ ಓಡಿಸಿ ನೋಡುತ್ತಾಳೆ. ಪ್ರೋಟೀನೂ ಇಲ್ಲ, ಲೋಹವೂ ಇಲ್ಲ, ಕೈಗೆ ಒಂದು ತೊಟ್ಟು ನೀರೂ ತಾಗುವುದಿಲ್ಲ!

ಈ ಚಾಳಿ ಅಡುಗೆಮನೆಗೂ ಬಂದಿದೆ. ದೋಸೆ ಹುಯ್ದು, ಅದು ಕಲ್ಲಿಗೆ ಎಲ್ಲೆಲ್ಲಿ ಹಿಡಿಯಿತು ಎಂದು ಬಗ್ಗಿ ನೋಡುತ್ತಾ ನಿಲ್ಲುತ್ತಾಳೆ. “ತಿರುವಾಕ್ಲೇ! ನೋಡ್ತಾ ನಿಂತ್ರೆ ಅದೇ ಎದ್ದು ಬತ್ತದಾ?” ಎಂದು ಅವ್ವ ಕೂಗುತ್ತಾಳೆ. ಸೀದು ಕರಿಯಾದ ದೋಸೆಗಳೆಲ್ಲ ನನ್ನ ಪಾಲಿಗೆ.

ಒಮ್ಮೆ ಅಕ್ಕನನ್ನು ಹೆಣ್ಣು ನೋಡಲು ಎಡಪ್ಪಾಡಿಯಿಂದ ಗಂಡಿನ ಕಡೆಯವರು ಬಂದಿದ್ದರು. ಕೆಲಸವೇನೆಂದು ಕೇಳಿದ್ದೇ ತಪ್ಪಾಯಿತು. ಇವಳ ಪ್ರೋಟೀನು ಪುರಾಣವೆಲ್ಲ ಕೇಳಿದ ಮೇಲೆ ಹುಡುಗನ ತಾಯಿ, “ಅಂಗಾದ್ರೆ ನಾಮಕ್ಕಲ್‌ನಾಗೆ ಮೊಟ್ಟೆ ಯಾಪಾರವಾಮ್ಮಾ?” ಎಂದರು. ನಾಮಕ್ಕಲ್ ಎಂದರೆ ನಮ್ಮ ಕಡೆ ಮೊಟ್ಟೆಗೇ ಹೆಸರಾದ ಊರು. ನಕ್ಕು ಸುಮ್ಮನಾಗಬಾರದೇ? “ಮೊಟ್ಟೆ ಪ್ರೋಟೀನೂ ಲೋಹಕ್ಕೆ ಅಂಟ್ತದೆ ಅತ್ತೆ” ಎಂದು ಇವಳು ಮತ್ತೆ ಶುರು ಮಾಡಿದಳು. ಅವರು ಕಾಫಿ ಮುಗಿಸದೆ ಎದ್ದರು.

ಹೀಗಿರುವಾಗ ಪೆನ್ನಾಗರಕ್ಕೆ ಹೋದ ಅವ್ವ ಬಸ್ಸಿಳಿಯುವಾಗ ಬಿದ್ದು ತೊಡೆಮೂಳೆ ಮುರಿದುಕೊಂಡಳು. ಸೇಲಂನ ಆಸ್ಪತ್ರೆಯಲ್ಲಿ ಮೂಳೆಯೊಳಗೆ ಟೈಟಾನಿಯಂ ಲೋಹದ ಸಲಾಕೆ ಹಾಕಿದರು. ಅವ್ವನಿಗೆ ಒಂದೇ ದಿಗಿಲು: “ನನ್ನ ಮೈ ಇದನ್ನ ಸೇರಿಸ್ಕೊಂತದಾ? ಇನ್ನ ನಡೀತೀನಾ?”

“ತೋರಿಸ್ತೀನಿ ಇರು” ಎಂದಳು ಅಕ್ಕ. ಕಂಪ್ಯೂಟರು ಬಿಸಿಯಾಗದಿರಲೆಂದು ಮನೆಯ ಒಂದೇ ಟೇಬಲ್ ಫ್ಯಾನನ್ನು ಅದಕ್ಕೆ ತಿರುಗಿಸಿ, ವಾರವಿಡೀ ಲೆಕ್ಕ ಓಡಿಸಿದಳು. ನಾನು ಬೆವರುತ್ತಾ ಮಲಗಿದೆ! ಆಮೇಲೆ ಲ್ಯಾಪ್‌ಟಾಪನ್ನು ವಾರ್ಡಿಗೇ ತಂದಳು. ಪರದೆಯ ಮೇಲೆ ಗೋಲಿಯಂಥವು ಕುಣಿಯುತ್ತಿದ್ದವು.

“ಇದು ರಕ್ತದಾಗಿರೋ ಪ್ರೋಟೀನು, ಕೆಳಗಿರೋದು ಟೈಟಾನಿಯಂ.”

“ಇನ್ನೂ ಕೂತಿಲ್ವಲ್ಲೇ?”

“ನಿಜದಾಗೆ ಇದು ರೆಪ್ಪೆ ಬಡಿಯೋದ್ರೊಳಗೆ ಆಗೋಗ್ತದವ್ವಾ. ಅದನ್ನ ಲೆಕ್ಕ ಆಕೋಕೆ ಕಂಪ್ಯೂಟರ್‌ಗೇ ವಾರಗಟ್ಲೆ ಬೇಕು.”

“ನನ್ನ ಮೈಯಾಗೆ ಆಗೋಗಿರೋದು ನಿನ್ನ ಪೆಟ್ಟಿಗೆಯಾಗೆ ಇನ್ನೂ ಆಗಿಲ್ವಾ! ಸರಿಪ್ಪಾ!” ಎಂದು ಅವ್ವ ನಕ್ಕಳು. ವಾರ್ಡೇ ನಕ್ಕಿತು.

ಕೆಲವು ವಾರಗಳ ಮೇಲೆ ಡಾಕ್ಟರು, ಕಾಲೂರಿ ನಿಲ್ಲಿ ಎಂದರು. ಅವ್ವ ಮಂಚ ಹಿಡಿದು ಎದ್ದಳು. ನೋಡುವುದೇ ಕೆಲಸವಾದ ನಮ್ಮಕ್ಕ ಗೋಡೆಯ ಕಡೆ ಮುಖ ಮಾಡಿಕೊಂಡು ಅಳುತ್ತಿದ್ದಳು.

“ಯಾಕ್ಲೇ? ನೀನೇ ಲೆಕ್ಕ ಆಕಿದ್ಯಲ್ಲ?” ಎಂದಳು ಅವ್ವ.

“ಆ ಲೆಕ್ಕದಾಗೆ ನೀನಿರ್ಲಿಲ್ವಲ್ಲವ್ವಾ.”

ಅವ್ವ ಮಂಚ ಬಿಟ್ಟಳು. ಒಂದು ಹೆಜ್ಜೆ ಇಟ್ಟು, ಅಕ್ಕನ ಹೆಗಲು ಹಿಡಿದುಕೊಂಡಳು.