ಅಪ್ಪ ಬೈದರೆ ಆರಾಮ

ಸವದತ್ತಿಯಲ್ಲಿ ಮಕ್ಕಳಿಗೆ ತಬಲಾ ಕಲಿಸುವ ನನ್ನ ಮನೆಗೆ ಎಡವಟ್ಟುಗಳು ಹೇಳದೆ ಕೇಳದೆ ಬರುತ್ತಲೇ ಇರುತ್ತವೆ. ನಾನೂ ಬೇಡ ಅಂದವನಲ್ಲ. ಈ ಸಲ ಮಾತ್ರ ಅವು ಪಶ್ಚಿಮ ಆಫ್ರಿಕಾದ ಗಿನಿ ದೇಶದಿಂದ, ಹೆಗಲ ಮೇಲೊಂದು ಜೆಂಬೆ ಹೊತ್ತುಕೊಂಡು ಬಂದವು. ಜೆಂಬೆ ಅಂದರೆ ಸೊಂಟ ಸಣ್ಣಗಿರುವ ಮರದ ವಾದ್ಯ, ಮೇಲೆ ಆಡಿನ ಚರ್ಮ, ಬರಿಗೈಯಲ್ಲಿ ಬಾರಿಸುವುದು. ಹೊತ್ತು ತಂದವನು ನಮ್ಮ ಸುತ್ತಲಿನ ಶಾಲೆಗಳಲ್ಲಿ ತನ್ನೂರಿನ ತಾಳ ಕಲಿಸಲು ಬಂದ ವಾದಕ. ಇಳಿದುಕೊಂಡದ್ದು ನಮ್ಮಲ್ಲೇ. ನಮ್ಮಿಬ್ಬರಿಗೂ ಮುರುಕು ಇಂಗ್ಲಿಷು ಬರುತ್ತಿದ್ದರಿಂದ ದುಭಾಷಿಯ ಕೆಲಸವೂ ನನ್ನದೇ.

೧. ಮಿರ್ಚಿ ಒಲೆ

ಯರಗಟ್ಟಿಯ ಶಾಲೆಗೆ ಹೋದ ದಿನ ಜಿಟಿಜಿಟಿ ಮಳೆ. ಥಂಡಿಗೆ ಜೆಂಬೆಯ ಚರ್ಮ ಸಡಿಲಾಗಿ ದನಿಯೇ ಏಳುತ್ತಿಲ್ಲ. ನಮ್ಮ ಹಲಗಿ ಬಾರಿಸುವವರು ಬೆಂಕಿಗೆ ಹಿಡಿದು ಕಾಯಿಸುತ್ತಾರಲ್ಲ, ಗಿನಿಯಲ್ಲೂ ಹಾಗೇ ಅಂತೆ. ಇವನು ಸೀದಾ ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿ ಅಂಗಡಿಗೆ ಹೋಗಿ ಒಲೆಯ ಪಕ್ಕ ಚರ್ಮ ಹಿಡಿದು ನಿಂತ. ಅಂಗಡಿಯ ಅಕ್ಕ ಕಣ್ಣರಳಿಸಿ ನನ್ನನ್ನು ಕೇಳಿದಳು: "ಸರ, ಇದನ್ನ ಎರಡೂ ಕಡೆ ಬೇಯಿಸಬೇಕೇನ್ರಿ? ಎಣ್ಣಿ ಹಾಕಲಿ?"

೨. ಫೋನಿನ ಪಾಠ

ಆ ವಾದ್ಯ ಮಾಡಿಕೊಟ್ಟವನು, ಬಾರಿಸಲು ಕಲಿಸಿದವನು ಅವನ ಅಪ್ಪ. ಊರಲ್ಲಿ ಹಾಸಿಗೆ ಹಿಡಿದಿದ್ದ. ದಿನಾ ಸಂಜೆ ಮಗ ಫೋನನ್ನು ಗೋಡೆಗೆ ಒರಗಿಸಿ ಬಾರಿಸಬೇಕು, ಅಪ್ಪ ಅಲ್ಲಿಂದ ಬೈಯಬೇಕು. ಭಾಷೆ ತಿಳಿಯದಿದ್ದರೂ ಅದು ಬೈಗುಳ ಅನ್ನುವುದರಲ್ಲಿ ನನ್ನ ಹೆಂಡತಿಗೆ ಅನುಮಾನವಿರಲಿಲ್ಲ. "ಪಾಪ, ಬ್ಯಾನಿ ಬಿದ್ದಾವ್ರು ಅಷ್ಟ ಯಾಕ ಒದರತಾರ?" ಎಂದಳು. ಅವನನ್ನು ಕೇಳಿ ಹೇಳಿದೆ: ಅಪ್ಪ ಬೈದರೆ ಆರಾಮ ಇದ್ದಾನೆ ಅಂತ ಅರ್ಥವಂತೆ. ಅಂದಿನಿಂದ ಫೋನು ಇಟ್ಟ ಕೂಡಲೇ ಅವಳ ವಿಚಾರಣೆ: "ಇವತ್ತ ಚಂದಂಗೆ ಬೈದರಿಲ್ಲೋ?"

೩. ಹೊಗಳಿಕೆ

ಒಂದು ಸಂಜೆ ಅಪ್ಪ ಪೂರ್ತಿ ಕೇಳಿ, "ಚೆನ್ನಾಗಿದೆ ಮಗನೇ" ಅಂದುಬಿಟ್ಟನಂತೆ. ಇವನ ಕೈ ವಾದ್ಯದ ಮೇಲೇ ನಿಂತುಹೋಯಿತು. ಊಟಕ್ಕೂ ಏಳಲಿಲ್ಲ. ನನ್ನ ಹೆಂಡತಿ ಕಂಗಾಲು. "ಇನ್ನೊಮ್ಮೆ ಫೋನ್ ಹಚ್ಚಂತ ಹೇಳ್ರಿ. ತಪ್ಪ ಬಾರಸಲಿ. ಅವ್ರು ಬೈದ ಮ್ಯಾಲ ಉಣ್ಣಲಿ!" ಹಚ್ಚಿದ. ಬೇಕಂತಲೇ ತಾಳವನ್ನು ಹಾಳುಗೆಡವಿದ. ಅಪ್ಪ ಅದಕ್ಕೂ ಚೆನ್ನಾಗಿದೆ ಅಂದ.

೪. ಅಜ್ಜನ ಆಶೀರ್ವಾದ

ಮರುದಿನ ಅಪ್ಪ ತೀರಿಹೋದ. ಹೊರಟರೂ ಮಣ್ಣು ಮಾಡುವ ಹೊತ್ತಿಗೆ ಊರು ಮುಟ್ಟುವ ಹಾಗಿರಲಿಲ್ಲ. ಅವರ ಮನೆತನದಲ್ಲಿ ವಾದಕ ಸತ್ತರೆ ಮಗನೇ ಬಾರಿಸಿ ಕಳಿಸಬೇಕಂತೆ. ಇವನು ಜೆಂಬೆಗೆ ಬಟ್ಟೆ ಮುಚ್ಚಿ ಮೂಲೆಯಲ್ಲಿಟ್ಟ. ಅದನ್ನು ನೋಡಿದಾಗಲೆಲ್ಲ ನನಗೇ ಅಳು ಬರುತ್ತಿತ್ತು.

ಅದೇ ವಾರ ಓಣಿಯ ಆಚೆ ತುದಿಯ ಅಜ್ಜ ಹೋದರು. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ರುಮಾಲು ಸುತ್ತಿ, ವಿಭೂತಿ ಹಚ್ಚಿ, ಹೂವಿನ ನಡುವೆ ಕೂಡಿಸಿ ಮುಂದೆ ಭಜನೆ ಮಾಡುತ್ತಾರೆ. ಭಜನೆಯ ಸದ್ದಿಗೆ ಇವನು ಹೊರಗೆ ಬಂದ. ಯಾರೋ ಹಿರಿಯರಿಗೆ ಸನ್ಮಾನ ಅಂದುಕೊಂಡು, ಶಾಲೆಯ ಮಕ್ಕಳಿಂದ ಕಲಿತ ಹಾಗೆ ಅಜ್ಜನ ಕಾಲು ಮುಟ್ಟಿ, ತಲೆ ಬಗ್ಗಿಸಿ ಕುಳಿತ. ಏಳಲೇ ಇಲ್ಲ. ಆಶೀರ್ವಾದಕ್ಕೆ ಕಾಯುತ್ತಿದ್ದ!

ಭಜನೆ ನಿಂತಿತು. ನಾನು ಓಡಿಹೋಗಿ ಅಜ್ಜ ತೀರಿಕೊಂಡಿದ್ದಾರೆ ಅಂತ ಕಿವಿಯಲ್ಲಿ ಹೇಳಿದೆ. ಅಷ್ಟು ದಿನ ಹಿಡಿದಿಟ್ಟಿದ್ದ ಅಳು ಅವನಿಗೆ ಅಲ್ಲೇ ಬಂತು.

"ಯಾಕ್ರಿ ಮಾಸ್ತರ, ನಮ್ಮವರು ಇವಗ ಏನಾಗಬೇಕ್ರಿ?" ಎಂದಳು ಅಜ್ಜನ ಹೆಂಡತಿ, ಆ ಮನೆಯ ಅಜ್ಜಿ. ಅವನ ಅಪ್ಪನ ಸುದ್ದಿ ಹೇಳಿದೆ. ಅಜ್ಜಿ ಅವನ ತಲೆಯ ಮೇಲೆ ತಾನೇ ಕೈಯಿಟ್ಟಳು. "ಅಳಬ್ಯಾಡಪಾ. ಹೋಗಿ ನಿನ್ನ ವಾದ್ಯ ತಗೊಂಬಾ. ಇವರಿಗೂ ಆಗಲಿ, ನಿಮ್ಮಪ್ಪಗೂ ಆಗಲಿ."

ಅಜ್ಜನನ್ನು ಹೊತ್ತು ಹೊರಟಾಗ ಹಲಗಿಯವರ ಜೊತೆ ಬಾರಿಸುತ್ತ ನಡೆದ. ಹೊತ್ತವರ ಹೆಜ್ಜೆ ತಾನಾಗಿಯೇ ತಾಳಕ್ಕೆ ಬಿತ್ತು. ಆ ಕುಲುಕಿಗೆ, ಕೂತಿದ್ದ ಅಜ್ಜನ ತಲೆ ಮೆಲ್ಲಗೆ ಅಲ್ಲಾಡತೊಡಗಿತು. ಅಳುತ್ತಲೇ ಅಜ್ಜಿ ಒದರಿದಳು: "ನೋಡ್ರೆವ್ವಾ! ಜೀವಂತ ಇದ್ದಾಗ ನನ್ನ ಹಾಡಿಗೆ ಒಂದ ದಿನಾನೂ ತಲಿ ಅಲ್ಲಾಡಸಲಿಲ್ಲ!" ಅಳುತ್ತಿದ್ದವರೆಲ್ಲ ನಕ್ಕರು.

ಅವನಿಗೂ ಅದನ್ನು ತಿಳಿಸಿದೆ. ಕೈ ನಿಲ್ಲಿಸದೆ, ಕಣ್ಣೀರಲ್ಲೇ ನಕ್ಕ.

"ಅಜ್ಜ ಒಳ್ಳೆಯವರು. ಆಗಿನಿಂದ ತಾಳ ತಪ್ಪುತ್ತಲೇ ಇದ್ದೇನೆ. ನಮ್ಮಪ್ಪ ಆಗಿದ್ದರೆ ಕೂತಲ್ಲೇ ಕಣ್ಣುಬಿಟ್ಟು ಬೈಯುತ್ತಿದ್ದ."