ಮಂಜುಳ ಕುರಿ ಎಣಿಸಿದ್ದು

ವರ್ಷಗಟ್ಟಲೆ ಗಣಿತ ಕಲಿಸಿದ ಮೇಲೆ ನನಗೆ ಅರ್ಥವಾಗಿರುವುದು ಇಷ್ಟು: ಗಣಿತ ಬಾರದಿರುವುದನ್ನು ನಮ್ಮ ಜನ ಪಿತ್ರಾರ್ಜಿತ ಆಸ್ತಿಯ ಹಾಗೆ ಮಕ್ಕಳಿಗೆ ಬಿಟ್ಟುಹೋಗುತ್ತಾರೆ. ಪೋಷಕರ ಸಭೆಯಲ್ಲಿ ‘ಲೆಕ್ಕ ನಮ್ಮ ವಂಶಕ್ಕೇ ಹತ್ತಲ್ರಿ ಸಾರ್’ ಎನ್ನುವಾಗ ಅಪ್ಪಂದಿರ ಮುಖದಲ್ಲಿ ಎಂಥ ಕಳೆ! ಪಕ್ಕದಲ್ಲಿ ನಿಂತ ಮಗ, ಪರೀಕ್ಷೆಗೆ ಕೂರದೆಯೇ ಪಾಸಾದವನ ಹಾಗೆ ನಗುತ್ತಾನೆ. ಕನ್ನಡ ಓದಲು ಬರುವುದಿಲ್ಲ ಎಂದು ಹೀಗೆ ಎದೆಯುಬ್ಬಿಸಿ ಹೇಳಿದವರನ್ನು ನಾನು ಕಂಡಿಲ್ಲ. ನನಗೆ ಸಿಟ್ಟು ಬರುತ್ತದೆ. ವಿಜ್ಞಾನ, ವೈಚಾರಿಕತೆ ಎಂದು ನಾನು ಶುರುಮಾಡಿದರೆ ಹೆಡ್‌ಮಾಸ್ಟರು ಬೆಲ್ ಹೊಡೆಸಿಯೇ ನಿಲ್ಲಿಸಬೇಕು.

ಹೊಸದುರ್ಗದ ಆಚೆಯ ಹಳ್ಳಿಯೊಂದರಿಂದ ಬಸ್ಸಿನಲ್ಲಿ ಬರುತ್ತಿದ್ದ ಮಂಜುಳ ಮಾತ್ರ ಬೇರೆ. ಕುರಿ ಸಾಕುವವರ ಮನೆಯ ಹುಡುಗಿ. ಬೋರ್ಡಿನ ಮೇಲೆ ನಾನು ತಪ್ಪಿದರೆ ಎದ್ದು ನಿಂತು ಹೇಳುವವಳು. ಹತ್ತನೇ ತರಗತಿ ಮುಗಿಸಿ ಪಿಯುಸಿಗೆ ಸೈನ್ಸ್ ಸೇರಬೇಕೆಂದು ಅವಳಿಗೆ ಆಸೆ. ಅವಳಿಗಿಂತ ನನಗೇ ಹೆಚ್ಚು. ಹೀಗಿರುವಾಗ ಸಂಖ್ಯಾಶಾಸ್ತ್ರದ ಪಾಠ ಬಂತು. ಮನೆಯಲ್ಲಿ ಇರುವುದನ್ನು ಎಣಿಸಿಕೊಂಡು ಬನ್ನಿ ಎಂದೆ. ತೋಟದವರ ಮಕ್ಕಳು ತೆಂಗಿನ ಮರ ಎಣಿಸಿದರು. ಮಂಜುಳ ಬೆಳಿಗ್ಗೆ ಕುರಿ ರೊಪ್ಪದ ಬಾಗಿಲಲ್ಲಿ ನಿಂತು, ಹೊರಗೆ ಬರುವ ಕುರಿಗಳನ್ನು ಬೆರಳು ತೋರಿಸಿ ಬಾಯಿಬಿಟ್ಟು ಎಣಿಸಿದಳು. ಹಾಗೆ ಎಣಿಸಿದರೆ ಮಂದೆಗೆ ದೃಷ್ಟಿಯಾಗುತ್ತದೆಂದು ಅವರ ಮನೆಯಲ್ಲಿ ಯಾರೂ ಎಣಿಸುವುದಿಲ್ಲ. ಆ ವಾರವೇ ಒಂದು ಟಗರುಮರಿ ಸತ್ತುಹೋಯಿತು. ಇದೆಲ್ಲ ಸೈನ್ಸಿನ ಕೆಲಸ, ಹತ್ತನೇದು ಮುಗಿದ ಮೇಲೆ ಹುಡುಗಿ ಮನೆಯಲ್ಲೇ ಇರಲಿ ಎಂದು ಅಜ್ಜಿ ಕೆಂಚಮ್ಮ ತೀರ್ಪು ಕೊಟ್ಟರು. ಅಪ್ಪ ಈರಣ್ಣ ಅವ್ವನ ಮಾತು ಮೀರುವವನಲ್ಲ.

ಮಂಜುಳ ಇದನ್ನು ನನಗೆ ಹೇಳುವಾಗ ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಭಾನುವಾರ ಅವರ ಮನೆಗೇ ಹೋದೆ.

‘ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ’ ಎಂದು ಈರಣ್ಣ ಕಂಬಳಿ ಹಾಸಿದ. ಕುಳಿತವನೇ ಭಾಷಣ ಬಿಚ್ಚಿದೆ. ಮರಿಗೆ ಯಾವುದೋ ರೋಗ ಬಂದಿರುತ್ತದೆ, ಎಣಿಸಿದ್ದಕ್ಕೆ ಜೀವ ಹೋಗುವುದಾದರೆ ದಿನಾ ಹಾಜರಿ ಕೂಗುವ ನನ್ನ ತರಗತಿಯಲ್ಲಿ ಒಬ್ಬನೂ ಉಳಿಯುತ್ತಿರಲಿಲ್ಲ ಎಂದೆ. ಈರಣ್ಣ ತಲೆಯಾಡಿಸಿದ. ಕೆಂಚಮ್ಮ ಎಲೆಗೆ ಸುಣ್ಣ ಹಚ್ಚುತ್ತಾ ಎಲ್ಲವನ್ನೂ ಕೇಳಿಸಿಕೊಂಡರು.

‘ನೀವು ಹೇಳೋದು ಸರಿ ಐತೆ ಮೇಷ್ಟ್ರೇ. ಮರಿ ಹೋತು, ಇನ್ನೊಂದು ಹುಟ್ತೈತೆ. ಇದನ್ನೆಲ್ಲ ಓದಿದ್ ಮ್ಯಾಲೆ ಈ ಹುಡುಗಿ ನಮ್ಮಳಾಗಿ ಉಳೀತಾಳಾ? ನಾಳೆ ನಾವು ಏನು ಹೇಳಿದ್ರೂ ನಗ್ತಾಳೆ. ನನಗೆ ಅದೇ ಹೆದ್ರಿಕೆ.’

ಆ ಮುದುಕಿಯ ಭಯ ನೋಡಿ ನಿಜಕ್ಕೂ ಮನಸ್ಸು ಭಾರವಾಯಿತು. ಎಲೆ ಮಡಿಚಿ ಬಾಯಿಗಿಟ್ಟುಕೊಂಡು ಅವರೇ ಮಾತು ಬದಲಿಸಿದರು.

‘ಮೊಮ್ಮಕ್ಕಳೆಷ್ಟ್ರಿ ನಿಮಗೆ?’

‘ಇನ್ನೂ ಇಲ್ಲಮ್ಮ. ಒಬ್ಬಳೇ ಮಗಳು, ಹೋದ ವರ್ಷ ಮದುವೆಯಾಯ್ತು.’

‘ಏನಾದ್ರೂ ವಿಶೇಷ ಐತಾ?’

ಖುಷಿ ತಡೆಯಲಾಗಲಿಲ್ಲ. ‘ಹೂಂ, ಐತೆ’ ಎಂದೆ.

‘ಎಷ್ಟು ತಿಂಗಳು?’

‘ಅಯ್ಯೋ, ಅದನ್ನೆಲ್ಲ ಈಗ್ಲೇ ಬಾಯಿಬಿಟ್ಟು ಹೇಳಬಾರದಮ್ಮ.’

ಹೇಳಿಯಾದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಈರಣ್ಣ ಸೂರು ನೋಡತೊಡಗಿದ. ಕೆಂಚಮ್ಮನ ಮುಖ ಮಾತ್ರ ಅರಳಿಬಿಟ್ಟಿತು.

‘ಲೇ ಈರಣ್ಣ, ಹುಡುಗಿ ಓದ್ಲಿ ಬಿಡು. ಮೇಷ್ಟ್ರು ಅಷ್ಟೊಂದು ಓದಿದ್ರೂ ನಮ್ಮಂಗೇ ಅವ್ರೆ. ಸೈನ್ಸಿಂದ ಏನೂ ಕೆಡಲ್ಲ.’

ಸಂತೋಷಪಡಬೇಕೋ ನಾಚಬೇಕೋ ತಿಳಿಯದೆ, ಕೊಟ್ಟ ಟೀ ಕುಡಿದು ಎದ್ದೆ. ಮಂಜುಳ ಬಸ್‌ಸ್ಟಾಪಿನವರೆಗೂ ಜೊತೆಗೆ ಬಂದಳು. ಅವಳ ನಡಿಗೆಯಲ್ಲೇ ಕಾಲೇಜು ಸೇರಿದ ಖುಷಿಯಿತ್ತು. ಅಲ್ಲಿ ನಿಂತು, ತರಗತಿಯಲ್ಲಿ ಕೇಳುವಷ್ಟೇ ಗಂಭೀರವಾಗಿ ಕೇಳಿದಳು: ‘ಸಾರ್, ಹಂಗಾದ್ರೆ ನೀವೂ ನಂಬ್ತೀರಾ?’

‘ಬಸ್ ಬಂತು, ನೀನು ಹೊರಡು’ ಎಂದೆ.

ಎರಡೂ ಕಡೆ ರಸ್ತೆ ಖಾಲಿಯಿತ್ತು.