ಎರಡು ದೋಣಿ, ಒಂದು ಒಪ್ಪತ್ತು

ಬಸಗೊಂಡ ಕಾಕಾನನ್ನು ಗಾಡಿಗೆ ಹತ್ತಿಸಿಕೊಂಡದ್ದೇ ತಪ್ಪಾಯಿತು. ಇಚಲಕರಂಜಿಯಲ್ಲಿ ಶ್ರೀಪಾಲನ ಪಕ್ಕದ ಮನೆಯ ಈ ಕಾಕಾ ಕೆಟ್ಟವನೇನಲ್ಲ. ಕುಡಿಯುವುದಿಲ್ಲ, ಯಾರ ಮೇಲೂ ಕೂಗಾಡುವುದಿಲ್ಲ, ಸುಳ್ಳಂತೂ ಹೇಳುವುದೇ ಇಲ್ಲ. ಅವನಲ್ಲಿದ್ದ ದೋಷ ಒಂದೇ. ಯಾರಾದರೂ ಏನಾದರೂ ಕೇಳಿದರೆ "ಏನೂ ಇಲ್ಲ" ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಮೂವತ್ತು ವರ್ಷ ನೀರಾವರಿ ಖಾತೆಯಲ್ಲಿದ್ದು, ಪಂಚಗಂಗೆಯ ಸೇತುವೆಯ ಕಂಬದ ಮೇಲೆ ಬರೆದ ಅಡಿ ನೋಡಿ ವಹಿಯಲ್ಲಿ ಬರೆದಿಡುವ ಕೆಲಸ ಮಾಡಿದವನು. ಹೊಳೆ ಏರಿದ ದಿನ ಇಡೀ ಊರು "ಕಾಕಾ, ಎಷ್ಟ ಅಡಿ?" ಎಂದು ಅವನ ಬೆನ್ನು ಹತ್ತುತ್ತಿತ್ತು. ನಿವೃತ್ತಿಯಾಗಿ ನಾಲ್ಕು ವರ್ಷವಾಯಿತು. ಈಗ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ಹೆಂಡತಿ ಹಾಲವ್ವ ಕೂಡ.

ಶ್ರೀಪಾಲನದು ಪಿಕಪ್ ಗಾಡಿ. ಮಗ್ಗದ ಕಾರಖಾನೆಗಳಿಗೆ ನೂಲು ಸಾಗಿಸುವುದು ಅವನ ನಿತ್ಯದ ಕೆಲಸ. ಆ ದಿನದ ಲೋಡು ಮಾತ್ರ ಬೇರೆ. ಗಡಹಿಂಗ್ಲಜದಲ್ಲಿರುವ ಅವನ ತಂಗಿ ಪ್ರಿಯದರ್ಶನಿಯ ಗಂಡ ಜಯಪಾಲ, ಉತ್ತೂರಿನ ಹತ್ತಿರದ ತನ್ನ ಹೊಲದ ಕೆರೆಯಲ್ಲಿ ಪ್ರವಾಸಿಗಳನ್ನು ಆಡಿಸುವ ಉಮೇದಿನಲ್ಲಿ ಎರಡು ಕಯಾಕ್ ತರಿಸಿದ್ದ. ಕಯಾಕ್ ಎಂದರೆ ಒಬ್ಬನೇ ಕೂತು ಹುಟ್ಟು ಹಾಕುವ, ಹನ್ನೆರಡು ಅಡಿ ಉದ್ದದ, ಕೂಡಲಿಕ್ಕೆಂದು ನಡುವೆ ಒಂದು ತೂತು ಬಿಟ್ಟ ಪ್ಲಾಸ್ಟಿಕ್ ದೋಣಿ. ಒಂದು ಕೆಂಪು, ಒಂದು ಹಳದಿ. ಅವನ್ನು ಕೊಲ್ಹಾಪುರದ ಟ್ರಾನ್ಸ್‌ಪೋರ್ಟ್ ಗೋದಾಮಿನಿಂದ ಎತ್ತಿ, ಗಾಡಿಯ ಟಪ್ಪಿನ ಮೇಲಿನ ಕ್ಯಾರಿಯರಿಗೆ ಬೋರಲು ಹಾಕಿ, ಹಗ್ಗ ಬಿಗಿದು, ಗಡಹಿಂಗ್ಲಜಕ್ಕೆ ಮುಟ್ಟಿಸಬೇಕಿತ್ತು. ಮೂರು ತಾಸಿನ ದಾರಿ. ಅದೇ ಊರಿನಲ್ಲಿರುವ ಮಗಳು ಪ್ರಾಜಕ್ತಾಳ ಮನೆಗೆ ಹೋಗಬೇಕೆಂದು ಕಾಕಾನೂ ಮುಂದಿನ ಸೀಟು ಹಿಡಿದಿದ್ದ.

ಶ್ರೀಪಾಲನಿಗೆ ದೋಣಿಗಿಂತ ದೊಡ್ಡ ಚಿಂತೆ ಊಟದ್ದು. ಜೈನರ ಎಂಟು ದಿನದ ವ್ರತ, ಆಷಾಢದ ಅಷ್ಟಾಹ್ನಿಕ ಪರ್ವ ನಡೆದಿತ್ತು. ಎಂಟೂ ದಿನ ಒಪ್ಪತ್ತು ಮಾಡುತ್ತೇನೆಂದು ಅವನು ಬಸದಿಯಲ್ಲಿ ಹೆಸರು ಕೊಟ್ಟಿದ್ದ. ದಿನಕ್ಕೆ ಒಂದೇ ಸಲ ಕೂಡುವುದು, ಶುದ್ಧವಾಗಿ ಮನೆಯಲ್ಲಿ ಮಾಡಿದ್ದನ್ನೇ ಉಣ್ಣುವುದು, ನೀರೂ ಆಗಲೇ ಕುಡಿಯುವುದು, ಎಲ್ಲವೂ ಸೂರ್ಯ ಮುಳುಗುವುದರೊಳಗೆ. ಒಂದೇ ಸಲ ಕೂತರೂ ಮೂರು ಊಟ ಮುಗಿಸಿ ಏಳುವ ಸಾಮರ್ಥ್ಯ ತನಗಿದೆ ಎಂಬ ಧೈರ್ಯದ ಮೇಲೆ ಕೊಟ್ಟ ಹೆಸರು ಅದು. ಇಂದು ಮೂರನೆಯ ದಿನ. ಮಧ್ಯಾಹ್ನ ಒಂದು ಗಂಟೆಗೆ ತಂಗಿಯ ಮನೆಯಲ್ಲಿ ಹೂರಣದ ಹೋಳಿಗೆ, ಕಟ್ಟಿನ ಸಾರು, ತುಪ್ಪ. ನಿನ್ನೆ ಸಂಜೆಯಿಂದ ಅವನು ಬದುಕಿದ್ದದ್ದು ಅದನ್ನು ನೆನೆದುಕೊಂಡೇ.

ಗೋದಾಮಿನ ಎದುರಿನ ಚಹದಂಗಡಿಯಲ್ಲೇ ಕತೆ ಶುರುವಾಯಿತು. ಎರಡು ದಿನದಿಂದ ಮಳೆ ನಿಂತು ಬಿಸಿಲು ಬಿದ್ದಿತ್ತು. ಆದರೆ ಮಹಾಪೂರದಲ್ಲಿ ಮಾಳಿಗೆಯ ಮೇಲೆ ಕೂತು ದೋಣಿಯ ದಾರಿ ಕಾದ ಜನಕ್ಕೆ ಆಷಾಢದಲ್ಲಿ ದೋಣಿ ಕಂಡರೆ ಎದೆ ಧಸಕ್ಕೆನ್ನುತ್ತದೆ. ಚಹ ಕುಡಿಯುತ್ತಿದ್ದವನೊಬ್ಬ ಬಟ್ಟಲು ಕೆಳಗಿಟ್ಟು ಕೇಳಿದ.

"ಕಾಯ ಮಾಮಾ, ಪೂರ ಯೇಣಾರ ಕಾಯ?"

ಪೂರ, ಎಂದರೆ ನೆರೆ, ಬರುತ್ತದೇನು? ನಾಲ್ಕು ವರ್ಷದ ಮೇಲೆ ಬಂದ ಪ್ರಶ್ನೆ! ಕಾಕಾನ ಬೆನ್ನು ನೆಟ್ಟಗಾಯಿತು. ಮೂವತ್ತು ವರ್ಷ ಗೇಜ್ ನೋಡಿದವನು ತಾನು, ದೋಣಿಗಳು ಗಡಹಿಂಗ್ಲಜಕ್ಕೆ ಹೊರಟಿವೆ, ಹೊಳೆ ಯಾರಿಗೂ ಹೇಳಿ ಬರುವುದಿಲ್ಲ ಎಂದು ಮರಾಠಿಯಲ್ಲಿ ನಿಧಾನವಾಗಿ ಹೇಳಿದ. ಕೇಳಿದವನು ಬಟ್ಟಲನ್ನು ಅಲ್ಲೇ ಬಿಟ್ಟು ದೋಣಿಯ ಫೋಟೊ ತೆಗೆದುಕೊಂಡ.

"ಕಾಕಾ, ಏನೂ ಇಲ್ಲ ಅಂತ ಹೇಳಬಾರದೇನ್ರಿ?" ಎಂದ ಶ್ರೀಪಾಲ, ಗಾಡಿ ಬಿಡುತ್ತಾ.

"ನಾ ಏನ ಸುಳ್ಳ ಹೇಳಿದ್ನೇನು? ಹೊಳಿ ಹೇಳಿ ಬರತೈತೇನು?"

ಕಾಗಲದ ಡೀಸೆಲ್ ಪಂಪಿನಲ್ಲಿ ಪೈಪು ಹಿಡಿದವನು ಟಪ್ಪಿನ ಕಡೆಗೇ ನೋಡುತ್ತಿದ್ದ. "ಅಜ್ಜಾರ, ನಮ್ಮ ಮನಿ ಹೊಳಿ ದಂಡಿಗೆ ಐತ್ರಿ. ಸಾಮಾನ ಮ್ಯಾಲ ಇಡಬೇಕೇನ್ರಿ?"

ಕಾಕಾ ಕಣ್ಣು ಮುಚ್ಚಿ ಯೋಚಿಸಿದ. "ಮ್ಯಾಲ ಇಟ್ರ ಲುಕ್ಸಾನ ಏನೈತಿ?"

ಪಂಪಿನವನು ಅಲ್ಲಿಂದಲೇ ಹೆಂಡತಿಗೆ ಫೋನು ಹಚ್ಚಿದ. ಅವಳು ತವರುಮನೆಗೆ ಹಚ್ಚಿದಳು. ತವರುಮನೆಯವರು ಬಳಗಕ್ಕೆಲ್ಲ ಹಚ್ಚಿದರು. ಪಿಕಪ್ಪು ನಿಪ್ಪಾಣಿ ಮುಟ್ಟುವ ಮೊದಲೇ ಕೆಂಪು ಹಳದಿ ದೋಣಿಗಳ ಫೋಟೊ ಎಲ್ಲರ ಮೊಬೈಲ್ ಮುಟ್ಟಿತ್ತು. ಅದರ ಕೆಳಗೆ ಯಾರೋ ಬರೆದೂ ಇದ್ದರು: "ಗಡಹಿಂಗ್ಲಜಕ್ಕೆ ದೋಣಿ ಹೊರಟಿವೆ, ಎಚ್ಚರ."

ನಿಪ್ಪಾಣಿಯಲ್ಲಿ ಹತ್ತಿಪ್ಪತ್ತು ಹೆಂಗಸರು ರಸ್ತೆಗೇ ಅಡ್ಡ ನಿಂತಿದ್ದರು. ತಲೆಯ ಮೇಲೆ ರೊಟ್ಟಿಯ ಗಂಟು, ಕೈಯಲ್ಲಿ ಶೇಂಗಾ ಚಟ್ನಿಯ ಡಬ್ಬಿ, ಕಂಕುಳಲ್ಲಿ ಕಂಬಳಿ. ಗಾಡಿ ನಿಂತದ್ದೇ ತಡ, ಎಲ್ಲವನ್ನೂ ಹಿಂದೆ ತುಂಬತೊಡಗಿದರು. ಪೂರದಲ್ಲಿ ಸಿಕ್ಕವರಿಗೆ ರೊಟ್ಟಿ ಬಡಿದು ಕಳಿಸುವುದರಲ್ಲಿ ಈ ಸೀಮೆಯ ಹೆಂಗಸರ ಕೈ ದೊಡ್ಡದು, ಅದನ್ನು ಒಪ್ಪಲೇಬೇಕು.

"ಅವ್ವಾರ, ನಿಂದರ್‍ರಿ!" ಶ್ರೀಪಾಲ ಕೈಮುಗಿದ. "ಇವು ಆಟದ ದೋಣಿರಿ. ಕೆರಿಯಾಗ ಮಂದಿ ಮೋಜಿಗೆ ಕೂಡೂವು. ಪೂರ ಗೀರ ಏನೂ ಇಲ್ರಿ."

"ಮಂದಿ ಗಾಬರಿ ಆಗಬಾರದಂತ ಹಂಗ ಹೇಳಾಕತ್ತಾನ, ಪಾಪ" ಎಂದಳು ಒಬ್ಬ ಮುದುಕಿ. "ಮಾರಿ ನೋಡ್ರಿ ಹೆಂಗ ಬಾಡೇತಿ. ಮುಂಜಾನಿಂದ ಏನೂ ತಿಂದಂಗಿಲ್ಲ."

ತುಪ್ಪ ಸವರಿದ ಬಿಸಿ ರೊಟ್ಟಿಯೊಂದು ಅವನ ಮೂಗಿನ ಮುಂದೆ ಬಂತು. ಅವನಿಗೆ ಅಳು ಬಂತು. "ಒಪ್ಪತ್ತ ಐತ್ರಿ" ಎಂದು ಮುಖ ತಿರುಗಿಸಿದ. "ಅನ್ನಕ್ಕ ಇಲ್ಲ ಅನಬಾರದು" ಎನ್ನುತ್ತಾ ಆ ರೊಟ್ಟಿಯನ್ನು ಕಾಕಾ ತೆಗೆದುಕೊಂಡ. ಆಮೇಲೆ ಇನ್ನೆರಡು ತೆಗೆದುಕೊಂಡ.

ದಾರಿಯ ಪ್ರತಿ ಊರಿನಲ್ಲೂ ಇದೇ ಆಯಿತು. ಊಟದ ಹೊತ್ತು ಒಂದು ಗಂಟೆ ಹೊಡೆದು ಹೋಯಿತು, ಮೂರೂ ಹೊಡೆಯಿತು. ಗಾಡಿಯ ಹಿಂದೆ ಐದಾರು ನೂರು ರೊಟ್ಟಿಯ ವಾಸನೆ, ಪಕ್ಕದಲ್ಲಿ ಕಾಕಾನ ತೇಗು. ಗಂಟಲು ಒಣಗಿದ ಶ್ರೀಪಾಲ ಸ್ಟಿಯರಿಂಗ್ ಹಿಡಿದು ಹೋಳಿಗೆಯ ಧ್ಯಾನ ಮಾಡುತ್ತಿದ್ದ. ಸೂರ್ಯ ಮುಳುಗುವುದು ಏಳು ಗಂಟೆ ಹತ್ತು ನಿಮಿಷಕ್ಕೆ. ಹೊತ್ತಿದೆ, ಇನ್ನೂ ಹೊತ್ತಿದೆ ಎಂದು ತನಗೆ ತಾನೇ ಹೇಳಿಕೊಂಡ.

ಸಂಕೇಶ್ವರ ದಾಟಿದ ಮೇಲೆ ಒಂದು ಹಳ್ಳಿಯಲ್ಲಿ ಬ್ಯಾಂಡು ಬಾರಿಸುತ್ತಿತ್ತು. ಮೂರು ಸಲ ಚುನಾವಣೆಗೆ ನಿಂತು ಮೂರು ಸಲವೂ ಬಿದ್ದ ರಾಜಕುಮಾರಣ್ಣನವರು ಹಸಿರು ನಿಶಾನೆ ಹಿಡಿದು ರಸ್ತೆಯ ನಡುವೆ ನಿಂತಿದ್ದರು. ಹೊಟ್ಟೆ ಅವರಿಗಿಂತ ಎರಡು ಹೆಜ್ಜೆ ಮುಂದೆ ನಿಂತಿತ್ತು. ಬದಿಯಲ್ಲಿ ಫೋಟೊಗ್ರಾಫರ್ ಶುಭಮ.

"ಒಂದ ದೋಣಿ ಕೆಳಗ ಇಳಸ್ರಿ. ನಾ ಒಳಗ ಕುಂತು ನಿಶಾನಿ ತೋರಸ್ತೇನಿ. ಒಂದ ಫೋಟೊ, ಅಷ್ಟ."

"ಸಾಹೇಬ್ರ, ಅದರ ತೂತು ಸಣ್ಣದೈತ್ರಿ."

"ನಾ ಏನ ದಪ್ಪ ಅದೇನಿ ಅಂತೀಯೇನು?"

ಇದಕ್ಕೆ ಏನು ಉತ್ತರ ಕೊಟ್ಟರೂ ಕಷ್ಟ. ಕೆಂಪು ದೋಣಿ ಕೆಳಗಿಳಿಯಿತು. ಸಾಹೇಬರು ತೂತಿನಲ್ಲಿ ಕಾಲಿಟ್ಟರು. ಇಬ್ಬರು ಕಾರ್ಯಕರ್ತರು ಹೆಗಲು ಹಿಡಿದು ಒತ್ತಿದರು. ಸಾಹೇಬರು ಕೂತರು, ನಿಶಾನೆ ತೋರಿಸಿದರು, ಫೋಟೊ ಆಯಿತು, ಚಪ್ಪಾಳೆ ಆಯಿತು. ಏಳಲಿಕ್ಕೆ ಹೋದಾಗ ದೋಣಿಯೂ ಅವರ ಜೊತೆ ಎದ್ದಿತು.

ಎಳೆದರು. ಮಗ್ಗಲಿಗೆ ಕೆಡವಿ ಎಳೆದರು. ನಾಲ್ಕು ಜನ ದೋಣಿ ಹಿಡಿದು, ನಾಲ್ಕು ಜನ ಸಾಹೇಬರನ್ನು ಹಿಡಿದು ಎಳೆದರು. "ಹಗೂರ! ಹಗೂರ!" ಎಂದು ಅವರು ಕೂಗಿದರು. ಗಾಣದಿಂದ ಎಣ್ಣೆ ತರಿಸಿ ಸುತ್ತ ಸುರಿದರು. ಎರಡೂ ಕೈ ಮೊಣಕೈವರೆಗೆ ಎಣ್ಣೆ ಮಾಡಿಕೊಂಡು ಸಾಹೇಬರ ಸೊಂಟ ತಿರುಗಿಸುತ್ತಿದ್ದ ಶ್ರೀಪಾಲನ ಫೋನು ಆಗಲೇ ರಿಂಗಾಯಿತು.

"ನಮ್ಮ ಪ್ರಿಯಾ ಇರಬೇಕು. ಕಾಕಾ, ತಡಾ ಆದ್ರೂ ಬರತೇನಿ ಅಂತ ಹೇಳ್ರಿ. ಅಷ್ಟ ಹೇಳ್ರಿ ಮತ್ತ!"

ಕಾಕಾ ಫೋನೆತ್ತಿ ಬದಿಗೆ ಸರಿದ. ಅತ್ತ ಪ್ರಿಯದರ್ಶನಿ ಗಾಬರಿಯಿಂದ, ಮಂದಿ ಹೇಳುವಂತೆ ಪೂರಕ್ಕೆಂದೇ ದೋಣಿ ಬರುವುದು ಖರೇನೇ, ಪೂರ ಬರುತ್ತದೆಯೇ ಎಂದು ಕೇಳಿದಳು. ಮತ್ತೆ ಅದೇ ಪ್ರಶ್ನೆ! ಕಾಕಾನ ದನಿ ತಾನಾಗಿ ಗಂಭೀರವಾಯಿತು.

"ದೋಣಿ ಬರೂದು ಖರೇನ ಐತಿ, ಯವ್ವಾ. ನಾವ ತರಾಕತ್ತೇವಿ. ನೀವೇನ ಗಾಬರಿ ಆಗಬ್ಯಾಡ್ರಿ. ಧೈರ್ಯಾ ಇರಲಿ."

ಇದಕ್ಕಿಂತ ಗಾಬರಿ ಹುಟ್ಟಿಸುವ ಮಾತನ್ನು ಯಾರೂ ಆಡಲಾರರು.

ಒಂದೂವರೆ ತಾಸಿನ ಮೇಲೆ ರಾಜಕುಮಾರಣ್ಣನವರು ಪಟ್ಟೆಂದು ಹೊರಬಂದರು. ಅವರ ಧೋತರ ಒಳಗೇ ಉಳಿಯಿತು. ಶುಭಮ ತನ್ನ ಕರ್ತವ್ಯ ಮರೆಯದೆ ಆ ಕ್ಷಣದ ಫೋಟೊವನ್ನೂ ತೆಗೆದ. ಆ ಗದ್ದಲದಲ್ಲಿ ಶ್ರೀಪಾಲ ದೋಣಿಯನ್ನು ಹೇಗೋ ಮೇಲೆ ಬಿಗಿದು ಗಾಡಿ ಓಡಿಸಿದ.

ಗಡಹಿಂಗ್ಲಜ ಮುಟ್ಟಿದಾಗ ಆರೂ ನಲವತ್ತು. ಹಿರಣ್ಯಕೇಶಿ ತನ್ನ ದಡದೊಳಗೆ ತೆಪ್ಪಗೆ ಹರಿಯುತ್ತಿತ್ತು. ಇನ್ನೂ ಅರ್ಧ ತಾಸಿದೆ! ಎಂಟು ಹೋಳಿಗೆಗೆ ಅರ್ಧ ತಾಸು ಧಾರಾಳ ಸಾಕು. ಆದರೆ ತಂಗಿಯ ಮನೆಗೆ ಬೀಗ. ಪಕ್ಕದ ಮನೆಗೂ ಬೀಗ. ಇಡೀ ಗಲ್ಲಿಯಲ್ಲಿ ಉಳಿದದ್ದು ಒಂದು ನಾಯಿ. ರಸ್ತೆಯಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದವನೊಬ್ಬ ಹೇಳಿದ: "ಎಲ್ಲಾರೂ ಮ್ಯಾಲಿನ ಮಂಗಲ ಕಾರ್ಯಾಲಯಕ್ಕ ಹೋಗ್ಯಾರ್‍ರಿ. ಪೂರ ಬರತೈತಂತ."

ಶ್ರೀಪಾಲ ಗಾಡಿ ಹಾರಿಸಿದ. ದಿಬ್ಬದ ಮೇಲಿನ ಆ ಮದುವೆ ಮಂಟಪದ ಬಾಗಿಲಿಗೆ ಬಂದದ್ದೇ ತಡ, "ದೋಣಿ ಬಂದ್ವು!" ಎಂದು ಜನ ಮುತ್ತಿದರು. ಹುಡುಗರು ಅವನನ್ನು ಹೆಗಲ ಮೇಲೆ ಎತ್ತಿಕೊಂಡು ಮಂಟಪವನ್ನು ಮೂರು ಸುತ್ತು ಹಾಕಿದರು. "ಇಳಸ್ರಿ! ಹೊತ್ತ ಮುಳಗತೈತಿ!" ಎಂದು ಅವನು ಒದರಿದಷ್ಟೂ ಜೈಕಾರ ಜೋರಾಯಿತು. ಅಷ್ಟರಲ್ಲಿ ಜಯಪಾಲ ಬಂದು ಕಿವಿಯಲ್ಲಿ ಸಿಡುಕಿದ: "ಶ್ರೀಪಾಲಣ್ಣಾ, ಏನ ಮಾಡಿದಿ ಇದನ್ನ? ಮಳಿಗಾಲ ಮುಗಿಯೂತನಕ ನನ್ನ ದೋಣಿ ಇಲ್ಲೇ ಇರಬೇಕಂತ ಪಂಚರು ಹೇಳಾಕತ್ತಾರ!"

ಕೊನೆಗೂ ಕೆಳಗಿಳಿದು ಅಡುಗೆಮನೆಗೆ ಓಡಿದಾಗ ಏಳು ಗಂಟೆ ಮೂರು ನಿಮಿಷ. ಪ್ರಿಯದರ್ಶನಿ ಖಾಲಿ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತಿದ್ದಳು.

"ಅಣ್ಣಾ! ಮಕ್ಕಳು ಮುದುಕರು ಹಸದ ಕುಂತಿದ್ರು. ಮನ್ಯಾಗ ಮಾಡಿದ್ದೆಲ್ಲಾ ತಂದು ನೀಡಿಬಿಟ್ಟೆ."

"ಎಲ್ಲಾ?"

"ನಿನಗಂತ ಎಂಟ ಹೋಳಿಗಿ ತಗದ ಇಟ್ಟಿದ್ದೆ. ಖರೇನ ಇಟ್ಟಿದ್ದೆ, ಅಣ್ಣಾ. ಆದ್ರ ದೋಣಿ ಜೋಡಿ ನೀರಾವರಿ ದೊಡ್ಡ ಸಾಹೇಬ್ರು ಬಂದಾರ, ನಮ್ಮ ಸಲುವಾಗಿ ಮುಂಜಾನಿಂದ ಓಡ್ಯಾಡಾಕತ್ತಾರ ಅಂತ ಮಂದಿ ಅಂದ್ರು. ವಯಸ್ಸಾದವರು ನೋಡು..."

ಶ್ರೀಪಾಲ ತಿರುಗಿ ನೋಡಿದ. ಪಂಕ್ತಿಯ ಮೊದಲ ಮಣೆಯ ಮೇಲೆ ಬಸಗೊಂಡ ಕಾಕಾ ಕೂತಿದ್ದ. ಸುತ್ತ ನೆರೆದ ಜನ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದರು. ಎಂಟನೆಯ ಹೋಳಿಗೆಯ ಕೊನೆಯ ತುಣುಕು ತುಪ್ಪದಲ್ಲಿ ಮುಳುಗಿ ಬಾಯಿಗೆ ಹೋಗುತ್ತಿತ್ತು. ಅಷ್ಟು ಸುಖದ ಮುಖವನ್ನು ಶ್ರೀಪಾಲ ಆತನಕ ನೋಡಿರಲಿಲ್ಲ.

"ನೀರು" ಎಂದ ಅವನು. "ಸೋಸಿದ ಒಂದ ತಂಬಿಗಿ ನೀರರ ಕೊಡ, ಪ್ರಿಯಾ. ಇನ್ನ ಐದ ನಿಮಿಷ ಐತಿ."

ಅವಳು ನೀರಿಗೆ ಓಡಿದಳು. ಅದೇ ಹೊತ್ತಿಗೆ ಆ ಊರಿನ ಬಸದಿಯ ಪಂಚರಲ್ಲಿ ಹಿರಿಯರಾದ ಭರತೇಶ ಮಾಮಾ ಶಾಲು ಹಿಡಿದು ಬಂದು ಅವನ ಎರಡೂ ಕೈ ಹಿಡಿದುಕೊಂಡರು, ಮೈಕಿನ ಮುಂದೆ ನಿಲ್ಲಿಸಿದರು, ಅವನ ಸೇವೆಯನ್ನು ಕೊಂಡಾಡಲು ಶುರು ಮಾಡಿದರು. ತಂಗಿ ತಂಬಿಗೆ ಹಿಡಿದು ಗುಂಪಿನ ಆಚೆ ನಿಂತಳು. ಮಾಮಾನ ಮಾತು ಮುಗಿದಾಗ ಕಿಟಕಿಯ ಆಚೆ ಬಿಸಿಲು ಇರಲಿಲ್ಲ. ಶ್ರೀಪಾಲ ಅಲ್ಲೇ ಕುರ್ಚಿಯ ಮೇಲೆ ಕುಸಿದ.

"ಏನಾತು?" ಎಂದರು ಮಾಮಾ. ಪ್ರಿಯದರ್ಶನಿ ಅಳುತ್ತಾ ಎಲ್ಲ ಹೇಳಿದಳು. ಕೇಳಿ ಮಾಮಾನ ಕಣ್ಣು ಅರಳಿತು. ಮತ್ತೆ ಮೈಕು ಹಿಡಿದರು: "ಮಂದಿ ಸಲುವಾಗಿ ಈತ ಇವತ್ತ ಒಪ್ಪತ್ತಿನ ಊಟಾನೂ ಬಿಟ್ಟಾನ, ನೀರೂ ಮುಟ್ಟಿಲ್ಲ. ಇದು ಒಪ್ಪತ್ತಲ್ಲ, ಪೂರಾ ಉಪವಾಸ!" ಕಾರ್ಯಾಲಯ ಜಯಕಾರದಿಂದ ತುಂಬಿತು. ಯಾರೋ ಆಗಲೇ ಇಚಲಕರಂಜಿಯ ಬಸದಿಗೆ ಫೋನು ಮಾಡಿ ತಿಳಿಸಿದ್ದರು. ಹತ್ತು ನಿಮಿಷದಲ್ಲಿ ಅವನ ಹೆಂಡತಿ ರತ್ನಮಾಲಾಳ ಫೋನು ಬಂತು. ಹಿಂದೆ ಆರತಿಯ ಗಂಟೆ ಕೇಳುತ್ತಿತ್ತು.

"ರೀ, ನಿಮ್ಮ ಹೆಸರ ಮೈಕಿನ್ಯಾಗ ಹೇಳಿದ್ರು. ನೀರೂ ಇಲ್ಲದ ಉಪಾಸ! ನನ್ನ ಕಣ್ಣಾಗ ನೀರ ಬಂತ್ರಿ."

"ರತ್ನಾ, ಅದು ಹಂಗಲ್ಲ..."

"ಪಂಡಿತರು ಕೇಳಿದ್ರು, ಉಳದ ಐದ ದಿನಾನೂ ಹಿಂಗ ಉಪಾಸ ಮಾಡತಾರೇನ ಅಂತ. ಇಡೀ ಬಸದಿ ನನ್ನ ಮಾರಿ ನೋಡಾಕತ್ತಿತ್ತು. ನಿಮ್ಮ ಪರವಾಗಿ ನಾನ ಹೂಂ ಅಂದೇನ್ರಿ."

ಶ್ರೀಪಾಲ ಏನೋ ಹೇಳಲು ಬಾಯಿ ತೆರೆದ.

"ಮಾತಾಡಬ್ಯಾಡ್ರಿ" ಎಂದಳು ರತ್ನಮಾಲಾ ಅಕ್ಕರೆಯಿಂದ. "ಉಪಾಸದಾಗ ಮಾತಾಡಿದ್ರ ನೀರಡಿಕಿ ಹೆಚ್ಚಾಗತೈತಿ."